ಬಿಸಿಲು, ಬಣ್ಣ ಮತ್ತು ಬಚ್ಚಿಟ್ಟ ಮಚ್ಚೆ



ಸುಗ್ಗಿ ತಿಂಗಳು ಬಂತೆಂದರೆ ಪೊಳಲಿಯಲ್ಲಿ ಜಾತ್ರೆ. ಮೀನ ಸಂಕ್ರಮಣದ ಧ್ವಜ ಏರಿದ ಮೇಲೆ ಸುಮಾರು ಒಂದು ತಿಂಗಳ ಕಾಲ ಫಲ್ಗುಣಿ ನದಿಯ ದಡದ ಈ ಊರು ಜನರಿಂದ ತುಂಬಿರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಮಂಗಳೂರು ಎಂದು ಎಲ್ಲ ಕಡೆಯಿಂದ ಭಕ್ತರು ಬರುತ್ತಾರೆ. ಚೆಂಡಿನ ಗದ್ದೆಯಲ್ಲಿ ಚೆಂಡು, ಬೀದಿಯ ಎರಡೂ ಬದಿಯಲ್ಲಿ ಕಲ್ಲಂಗಡಿ ಹಣ್ಣಿನ ರಾಶಿ. ಪೊಳಲಿ ಜಾತ್ರೆಗೆ ಹೋದವರು ಕಲ್ಲಂಗಡಿ ತಾರದೆ ಮನೆಗೆ ಮರಳಿದರೆ ಹೋದದ್ದಕ್ಕೆ ಸಾಕ್ಷಿ ಇಲ್ಲದ ಹಾಗೆ. ಆ ಹಣ್ಣಿಗೂ ಈ ಕಾಲಕ್ಕೂ ಇರುವ ನಂಟು ಬಿಸಿಲಿನದು. ಪೊಳಲಿ ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಜಾತ್ರೆಯ ದಿನಗಳಲ್ಲಿ ಸೂರ್ಯ ದಿನೇ ದಿನೇ ನೆತ್ತಿಯತ್ತ ಸರಿಯುತ್ತಾ ಬಂದು, ಪಗ್ಗು ತಿಂಗಳ ಹತ್ತರ ಆಸುಪಾಸಿನಲ್ಲಿ, ಅಂದರೆ ಏಪ್ರಿಲ್ ಕೊನೆಯ ವಾರದಲ್ಲಿ, ಮಧ್ಯಾಹ್ನದ ಹೊತ್ತು ನಟ್ಟನಡು ನೆತ್ತಿಯ ಮೇಲೆ ನಿಲ್ಲುತ್ತಾನೆ.

ಈ ಬಿಸಿಲಲ್ಲೇ ತಲೆಮಾರುಗಳಿಂದ ನೇಜಿ ನೆಟ್ಟವರು, ಅಡಿಕೆ ಒಣಗಿಸಿದವರು, ಕಡಲಿಗೆ ಬಲೆ ಬೀಸಿದವರು ಇಲ್ಲಿನ ಜನ. ಹಾಗಾಗಿ ‘ಬಿಸಿಲಿನಿಂದ ಚರ್ಮಕ್ಕೆ ಕ್ಯಾನ್ಸರ್ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳುವವರಿಗೆ ನಗು ಬರುವುದು ಸಹಜ. ಅದೇನಿದ್ದರೂ ಬಿಳಿಯರ ಕಾಯಿಲೆ, ನಮ್ಮ ಕಪ್ಪು ಚರ್ಮಕ್ಕೆ ಬಿಸಿಲು ಏನು ಮಾಡೀತು ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಗೊತ್ತಿಲ್ಲದಿರುವುದರಿಂದ ಕೆಲವರ ಜೀವಕ್ಕೇ ಕುತ್ತು ಬರುತ್ತದೆ. ಇಂದಿನ ಮಾತು ಆ ಉಳಿದರ್ಧದ ಬಗ್ಗೆ.

ಕಣ್ಣಿಗೆ ಕಾಣದ ಕಿರಣ

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಒಂದು ಪಾಲು. ನೇರಳೆಯಿಂದ ಆಚೆಗೆ ಕಣ್ಣಿಗೆ ಕಾಣದ ಇನ್ನೊಂದು ಪಾಲಿದೆ ಎಂದು 1801ರಲ್ಲಿ ಜರ್ಮನಿಯ ವಿಜ್ಞಾನಿ ರಿಟರ್ ತೋರಿಸಿಕೊಟ್ಟ. ಬೆಳ್ಳಿಯ ಲವಣವೊಂದು ಈ ಕಾಣದ ಬೆಳಕಿನಲ್ಲಿ ಬೇಗ ಕಪ್ಪಾಗುವುದನ್ನು ಆತ ಗಮನಿಸಿದ. ಅದೇ ಅತಿನೇರಳೆ ಕಿರಣ. ಇದರಲ್ಲಿ ಚರ್ಮವನ್ನು ಮುಟ್ಟುವ ಬಗೆಗಳು ಎರಡು: ಎ ಮತ್ತು ಬಿ. ಬಿ ಕಿರಣ ಚರ್ಮದ ಮೇಲುಪದರವನ್ನು ಸುಡುತ್ತದೆ. ಎ ಕಿರಣ ಇನ್ನೂ ಆಳಕ್ಕೆ ಇಳಿಯುತ್ತದೆ. ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಜೀವಕೋಶದೊಳಗಿನ ಡಿಎನ್‌ಎ ಎಂಬ ವಂಶತಂತುವಿಗೆ ಎರಡೂ ಪೆಟ್ಟು ಕೊಡುತ್ತವೆ. ದೇಹ ಈ ಪೆಟ್ಟನ್ನು ಮತ್ತೆ ಮತ್ತೆ ರಿಪೇರಿ ಮಾಡಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ರಿಪೇರಿ ತಪ್ಪಿದರೆ ಆ ಕೋಶ ಅಂಕೆ ಮೀರಿ ಬೆಳೆಯುತ್ತದೆ. ಹಿಂದಿನವರು ಅರ್ಬುದ ಎಂದು ಕರೆದ ಕ್ಯಾನ್ಸರ್ ಅದೇ.

ಇದಕ್ಕೆ ದೇಹವೇ ಹಿಡಿದುಕೊಂಡ ಕೊಡೆ ಮೆಲನಿನ್ ಎಂಬ ಬಣ್ಣದ ದ್ರವ್ಯ. ಆಶ್ಚರ್ಯದ ಸಂಗತಿಯೆಂದರೆ, ಈ ಬಣ್ಣವನ್ನು ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ಕರಿಯರಲ್ಲಿಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬಣ್ಣದ ಕಣಗಳ ಗಾತ್ರದಲ್ಲಿ ಮತ್ತು ಅವು ಹರಡಿಕೊಂಡ ಬಗೆಯಲ್ಲಿ. ಕಪ್ಪು ಚರ್ಮದಲ್ಲಿ ಕಣಗಳು ದೊಡ್ಡವು. ಅವು ಬಿಡಿಬಿಡಿಯಾಗಿ ಹರಡಿ ಕೋಶದ ನೆತ್ತಿಗೆ ನೆರಳು ಕೊಡುತ್ತವೆ. ಆದ್ದರಿಂದಲೇ ಭಾರತದಲ್ಲಿ ಒಟ್ಟು ಕ್ಯಾನ್ಸರ್‌ಗಳ ಪೈಕಿ ಚರ್ಮದ್ದು ತೀರಾ ಸಣ್ಣ ಪಾಲು. ನಮ್ಮವರ ಮಾತಿನಲ್ಲಿರುವ ಅರ್ಧ ಸತ್ಯ ಇದೇ.

ಆದರೆ ಈ ಕೊಡೆ ಎಲ್ಲರಿಗೂ ದೊರೆತಿಲ್ಲ. ಹುಟ್ಟಿನಿಂದಲೇ ಮೈ, ಕೂದಲು, ಕಣ್ಣಿಗೆ ಬಣ್ಣವಿಲ್ಲದ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಇಂಗ್ಲಿಷಿನಲ್ಲಿ ಇದನ್ನು ಆಲ್ಬಿನಿಸಂ ಎನ್ನುತ್ತಾರೆ. ಅಡ್ಡಹೆಸರಿಟ್ಟು ಆಡಿಕೊಳ್ಳುವುದಕ್ಕೆ ಊರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ತಲೆಗೊಂದು ಅಗಲ ಟೊಪ್ಪಿ, ತೋಳು ತುಂಬಿದ ಅಂಗಿ ಕೊಡಿಸಬೇಕು ಎಂದು ಹೇಳುವವರು ಕಡಿಮೆ. ಈ ದೇಶದಲ್ಲಿ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವ ಅಪಾಯ ಯಾರಿಗಾದರೂ ಅತಿ ಹೆಚ್ಚಾಗಿದ್ದರೆ ಅದು ಈ ಮಕ್ಕಳಿಗೆ.

ಪೆಟ್ಟಿಗೆಯಲ್ಲಿ ಮಾರಿದ ಬಿಸಿಲು

ಸೂರ್ಯನಿಗೆ ಮೈಯೊಡ್ಡುವುದನ್ನು ಶ್ರೀಮಂತರ ಲಕ್ಷಣ ಮಾಡಿದ್ದು ಯುರೋಪ್. ಅದೂ ಬಹಳ ಹಿಂದಿನ ಮಾತಲ್ಲ. ಹತ್ತೊಂಬತ್ತನೇ ಶತಮಾನದವರೆಗೆ ಅಲ್ಲಿಯೂ ಬಿಸಿಲಿಗೆ ಕಂದಿದ ಮೈ ಎಂದರೆ ಕೂಲಿಯವರ ಮೈ. ದೊಡ್ಡ ಮನೆಯ ಹೆಂಗಸರು ಕೊಡೆಯಿಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಮುಂದೆ ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ. 1903ರಲ್ಲಿ ಆತನಿಗೆ ನೊಬೆಲ್ ಪ್ರಶಸ್ತಿ ಬಂತು. ಬಿಸಿಲು ಔಷಧ ಎಂಬ ಮಾತು ಹರಡಿತು. ಇತ್ತ ಬಡವರು ಗದ್ದೆ ಬಿಟ್ಟು ಕಾರ್ಖಾನೆಯ ನೆರಳು ಸೇರಿ ಬಿಳುಚಿಕೊಂಡರು. ಶ್ರೀಮಂತರು ರಜೆಯಲ್ಲಿ ಸಮುದ್ರ ದಂಡೆಗೆ ಹೋಗಿ ಕಂದು ಬಣ್ಣ ತಂದುಕೊಂಡರು. 1920ರ ದಶಕದ ಹೊತ್ತಿಗೆ ಕಂದಿದ ಮೈಯೇ ಅಂತಸ್ತಿನ ಗುರುತಾಯಿತು.

ವರ್ಷದಲ್ಲಿ ಆರು ತಿಂಗಳು ಸೂರ್ಯನೇ ಸರಿಯಾಗಿ ಕಾಣದ ದೇಶಗಳಲ್ಲಿ ಈ ಆಸೆಯನ್ನು ತೀರಿಸುವುದು ಹೇಗೆ? 1970ರ ದಶಕದಲ್ಲಿ ಯುರೋಪಿನ ಮಾರುಕಟ್ಟೆಗೆ ಬಿಸಿಲಿನ ಮಂಚ ಬಂತು. ಶವಪೆಟ್ಟಿಗೆಯಂತೆ ಮುಚ್ಚಳ ಇರುವ ಒಂದು ಹಾಸಿಗೆ. ಕೆಳಗೂ ಮೇಲೂ ಅತಿನೇರಳೆ ದೀಪಗಳು. ದುಡ್ಡು ಕೊಟ್ಟು ಹತ್ತು-ಹದಿನೈದು ನಿಮಿಷ ಮಲಗಿ ಎದ್ದರೆ ಮೈ ಕಂದುತ್ತದೆ. ಇದರಲ್ಲಿ ಹೆಚ್ಚಾಗಿ ಇರುವುದು ಎ ಕಿರಣ, ಮೈಯನ್ನು ಸುಡುವುದಿಲ್ಲ, ಆದ್ದರಿಂದ ಸುರಕ್ಷಿತ ಎಂದು ಮಾರುವವರು ಹೇಳಿದರು. ಲಕ್ಷಾಂತರ ಹರೆಯದ ಹುಡುಗಿಯರು ನಂಬಿದರು.

ಆ ನಂಬಿಕೆಗೆ ತೆತ್ತ ಬೆಲೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಈ ಮಂಚಗಳನ್ನು ತಂಬಾಕು ಇರುವ ಮೊದಲನೇ ಗುಂಪಿಗೇ ಸೇರಿಸಿತು; ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಸಂಶಯವೇ ಇಲ್ಲ. ಮೂವತ್ತೈದು ವರ್ಷದೊಳಗೆ ಇದನ್ನು ಆರಂಭಿಸಿದವರಿಗೆ ಮೆಲನೋಮಾ ಎಂಬ ಅತಿ ಕೆಟ್ಟ ಬಗೆಯ ಚರ್ಮದ ಕ್ಯಾನ್ಸರ್ ಬರುವ ಅಪಾಯ ಇತರರಿಗಿಂತ ಅರ್ಧದಷ್ಟಕ್ಕೂ ಮಿಕ್ಕಿ ಹೆಚ್ಚು ಎಂದು ಅಧ್ಯಯನಗಳು ಹೇಳಿದವು. ಬ್ರೆಜಿಲ್ ಅದೇ ವರ್ಷ ಇವನ್ನು ನಿಷೇಧಿಸಿತು. ಬ್ರಿಟನ್ನಿನಲ್ಲಿ 2010ರಲ್ಲಿ ಆದ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹದಿನೆಂಟು ತುಂಬದವರಿಗೆ ಬಾಗಿಲು ಮುಚ್ಚಿತು. ಆಸ್ಟ್ರೇಲಿಯಾದ ರಾಜ್ಯಗಳು ಒಂದೊಂದಾಗಿ ಈ ವ್ಯಾಪಾರವನ್ನೇ ನಿಲ್ಲಿಸಿದವು. ಸುರಕ್ಷಿತವಾದ ಬಿಸಿಲಿನ ಮಂಚ ಎಂಬುದು ಇಲ್ಲ ಎಂಬುದೇ ಇಂದಿನ ವೈದ್ಯಲೋಕದ ನಿಲುವು.

ಅಲ್ಲಿ ಕಪ್ಪಾಗಲು ದುಡ್ಡು, ಇಲ್ಲಿ ಬೆಳ್ಳಗಾಗಲು ದುಡ್ಡು. ನಮ್ಮಲ್ಲಿ ಬೆಳ್ಳಗಾಗಿಸುವ ಕ್ರೀಮು 1975ರಲ್ಲಿ ಅಂಗಡಿಗೆ ಬಂತು. ಆ ಕಂಪನಿ ಹೆಸರಿನಲ್ಲಿದ್ದ ‘ಫೇರ್’ ಎಂಬ ಶಬ್ದವನ್ನು ಕೈಬಿಟ್ಟದ್ದು 2020ರಲ್ಲಿ. ಅದಕ್ಕಿಂತ ಅಪಾಯದ್ದು ಲೇಬಲ್ಲೇ ಸರಿಯಿಲ್ಲದೆ ಮಾರುವ ಡಬ್ಬಿಗಳು. ಕೆಲವದರಲ್ಲಿ ಪಾದರಸ, ಕೆಲವದರಲ್ಲಿ ಸ್ಟಿರಾಯಿಡ್. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿಕೊಂಡವರ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಬೆಳಕಿಗೆ ಬಂದವು. ಸ್ಟಿರಾಯಿಡ್ ಮುಲಾಮು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲು ತಾಗಿದೊಡನೆ ಉರಿಯುತ್ತದೆ. ಬಣ್ಣದ ಮೋಹ ಎರಡೂ ಕಡೆ ಒಂದೇ. ಪೆಟ್ಟು ತಿನ್ನುವುದು ಮಾತ್ರ ಚರ್ಮ.

ಔಷಧದ ಬೆಳಕು ಬೇರೆ

ಬೆಳಕಿನಿಂದ ಚಿಕಿತ್ಸೆ ಕೊಡುವ ಕ್ರಮ ನಮ್ಮಲ್ಲೂ ಬಹಳ ಹಳೆಯದು. ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವುದು ಆಯುರ್ವೇದದ ಕ್ರಮ. ಆ ಬೀಜದಲ್ಲಿರುವ ಸೊರಾಲೆನ್ ಎಂಬ ಅಂಶ ಚರ್ಮವನ್ನು ಅತಿನೇರಳೆ ಕಿರಣಕ್ಕೆ ಸೂಕ್ಷ್ಮಗೊಳಿಸುತ್ತದೆ. ಇದೇ ತತ್ತ್ವದ ಮೇಲೆ 1974ರಲ್ಲಿ ಅಮೆರಿಕದಲ್ಲಿ ಸೊರಾಲೆನ್ ಮತ್ತು ಎ ಕಿರಣ ಸೇರಿಸಿದ ಚಿಕಿತ್ಸೆ ರೂಪುಗೊಂಡಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಬಿ ಕಿರಣದ ಒಂದು ಕಿರಿದಾದ ಪಟ್ಟಿ. ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ತೊನ್ನು ಮತ್ತು ಸೋರಿಯಾಸಿಸ್ ರೋಗಿಗಳಿಗೆ ಇಂಥ ಚಿಕಿತ್ಸೆ ಸಿಗುತ್ತದೆ.

ಆಸ್ಪತ್ರೆಯ ಈ ದೀಪಕ್ಕೂ ಬಿಸಿಲಿನ ಮಂಚಕ್ಕೂ ಇರುವ ವ್ಯತ್ಯಾಸ ಅಳತೆಯದು. ಇಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕುತ್ತಾರೆ, ಕೊಟ್ಟ ಪ್ರಮಾಣವನ್ನು ಬರೆದಿಡುತ್ತಾರೆ. ಆದ್ದರಿಂದ ಚಿಕಿತ್ಸೆಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಸ್ವಂತ ಪ್ರಯೋಗಕ್ಕೆ. ಯಾರೋ ಹೇಳಿದರೆಂದು ದೀಪ ತರಿಸಿ ಮನೆಯಲ್ಲಿ ಅರ್ಧ ಗಂಟೆ ಮೈಯೊಡ್ಡುವುದು, ಬಾವಂಚಿ ಎಣ್ಣೆ ಹಚ್ಚಿ ಮಧ್ಯಾಹ್ನದ ಬಿಸಿಲಲ್ಲಿ ಕುಳಿತು ಬೊಕ್ಕೆ ಏಳಿಸಿಕೊಳ್ಳುವುದು, ಇವುಗಳಿಂದ ರೋಗ ವಾಸಿಯಾಗುವ ಬದಲು ಸುಟ್ಟಗಾಯ ಉಳಿಯುತ್ತದೆ.

ಬಿಸಿಲು ಕಾಣದ ಜಾಗ

ಹಾಗಾದರೆ ನಮ್ಮಂಥವರಲ್ಲಿ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲವೇ? ಬರುತ್ತದೆ. ಅದು ಎಲ್ಲಿ ಬರುತ್ತದೆ ಎಂಬುದರಲ್ಲೇ ಇಡೀ ವಿಷಯದ ತಿರುಳಿದೆ.

ಮೆಲನೋಮಾ ಬಿಳಿಯರಲ್ಲಿ ಹೆಚ್ಚಾಗಿ ಬೆನ್ನಿನಲ್ಲಿ, ಕಾಲಿನ ಮೀನಖಂಡದಲ್ಲಿ ಕಾಣಿಸಿಕೊಳ್ಳುತ್ತದೆ. ಕಪ್ಪು ಚರ್ಮದವರಲ್ಲಿ ಅಂಗಾಲು, ಅಂಗೈ, ಉಗುರಿನ ಅಡಿ, ಬಾಯಿಯ ಒಳಗೆ. ಇವೆಲ್ಲ ಬಿಸಿಲು ತಾಗದ ಜಾಗ, ಮೆಲನಿನ್ ಕಡಿಮೆಯಿರುವ ಜಾಗ, ಯಾರೂ ದಿನಾ ನೋಡಿಕೊಳ್ಳದ ಜಾಗ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಉಗುರಿನಡಿ ಇಂಥ ಮೆಲನೋಮಾ ಇರುವುದು 1977ರಲ್ಲಿ ಗೊತ್ತಾಯಿತು. 1981ರಲ್ಲಿ, ಮೂವತ್ತಾರರ ಹರೆಯದಲ್ಲಿ ಆತ ತೀರಿಕೊಂಡ.

ಪೊಳಲಿಯ ಸುತ್ತಿನ ಊರುಗಳಲ್ಲಿ ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ನಡೆಯುವವರು ಇಂದಿಗೂ ಇದ್ದಾರೆ. ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ಎದ್ದರೆ ಅದನ್ನು ಆಣಿ ಎಂದುಕೊಳ್ಳುತ್ತಾರೆ. ಗೇರುಬೀಜದ ಎಣ್ಣೆ ಹಚ್ಚಿ ಸುಡುವವರಿದ್ದಾರೆ, ಬ್ಲೇಡಿನಿಂದ ಹೆರೆಯುವವರಿದ್ದಾರೆ. ಉಗುರಿನಡಿ ಕಪ್ಪು ಗೆರೆ ಕಂಡರೆ ಎಲ್ಲೋ ಎಡವಿ ರಕ್ತ ಹೆಪ್ಪುಗಟ್ಟಿದೆ ಎನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಆಣಿಯೇ, ಹೆಪ್ಪುಗಟ್ಟಿದ ರಕ್ತವೇ ಇರಬಹುದು. ಉಳಿದ ಒಂದನ್ನು ಗುರುತಿಸಲು ತಡವಾದರೆ ಮಾತ್ರ ಅದಕ್ಕೆ ಪರಿಹಾರ ಕಷ್ಟ.

ಚರ್ಮದ ಕ್ಯಾನ್ಸರಿಗೆ ಇನ್ನೂ ಹಲವು ದಾರಿಗಳಿವೆ. ಭಾರತದ ಮಟ್ಟಿಗೆ ಅವುಗಳ ಇತಿಹಾಸವೇ ಒಂದು ಪಾಠ. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಕುಡಿಕೆಯನ್ನು ನಿಲುವಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಾರೆ; ಅದಕ್ಕೆ ಕಾಂಗ್ರಿ ಎಂದು ಹೆಸರು. ಹೊಟ್ಟೆ, ತೊಡೆಯ ಮೇಲೆ ಅದರಿಂದ ಬರುವ ಕ್ಯಾನ್ಸರನ್ನು 1866ರಲ್ಲಿ ಮಿಷನರಿ ವೈದ್ಯ ಎಲ್ಮ್‌ಸ್ಲಿ ಬರೆದಿಟ್ಟ. 1945ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಅವರು ‘ಧೋತರದ ಕ್ಯಾನ್ಸರ್’ ಬಗ್ಗೆ ಬರೆದರು. ಸೊಂಟದ ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಬಿಗಿಯಾಗಿ ಸುತ್ತಿದ ಬಟ್ಟೆ ತಿಕ್ಕಿ ತಿಕ್ಕಿ, ಚರ್ಮ ದಡ್ಡುಗಟ್ಟಿ, ಹುಣ್ಣಾಗಿ ಕೊನೆಗೆ ಕ್ಯಾನ್ಸರ್ ಆಗುವುದುಂಟು. ಲಂಗದ ಲಾಡಿಯನ್ನು ದಿನವೂ ಅದೇ ಗೆರೆಯಲ್ಲಿ ಬಿಗಿದು ಕಟ್ಟುವ ಹೆಂಗಸರಲ್ಲೂ ಇದು ಕಂಡುಬಂದಿದೆ. ಲಾಡಿಯನ್ನು ಸ್ವಲ್ಪ ಸಡಿಲ ಮಾಡಿ, ಅಗಲದ ಪಟ್ಟಿ ಹೊಲಿಸಿಕೊಂಡರೆ ಮುಗಿಯುವ ಸಂಗತಿ ಇದು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹತ್ತಾರು ವರ್ಷಗಳ ಬಳಿಕ ಎದ್ದ ಮಾಯದ ಹುಣ್ಣು ಕ್ಯಾನ್ಸರಿಗೆ ತಿರುಗುವುದೂ ವೈದ್ಯರಿಗೆ ತಿಳಿದ ವಿಷಯವೇ.

ಕರ್ನಾಟಕದೊಳಗೆ ಮರೆಯಬಾರದ ಹೆಸರೊಂದಿದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾ ಲಂಬಾಣಿ ಜನರ ಒಂದು ಸಣ್ಣ ವಸತಿ. ಹತ್ತಿರದಲ್ಲಿ ಮುಚ್ಚಿಹೋದ ಚಿನ್ನದ ಗಣಿ. ಅದರ ಹೆಸರೂ ಮಂಗಳೂರೇ, ಆದರೆ ಅದು ನಮ್ಮ ಮಂಗಳೂರಲ್ಲ. ಅಲ್ಲಿನ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿತ್ತು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ವ್ಯತ್ಯಾಸವೂ ಇಲ್ಲ. ಕುಡಿದವರ ಅಂಗೈ ಅಂಗಾಲುಗಳಲ್ಲಿ ಗಂಟುಗಳೆದ್ದವು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು ಕಾಣಿಸಿದವು, ಕೆಲವರಿಗೆ ಚರ್ಮದ ಕ್ಯಾನ್ಸರ್ ಬಂತು. 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ಇದನ್ನು ದಾಖಲಿಸಿದೆ. ಕುಡಿಯುವ ನೀರಿನ ಲೀಟರಿಗೆ 10 ಮೈಕ್ರೊಗ್ರಾಂ ಮೀರಿ ಆರ್ಸೆನಿಕ್ ಇರಕೂಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕಿರದಳ್ಳಿಯವರ ಕಾಯಿಲೆಗೆ ಕಾರಣ ಬಿಸಿಲಲ್ಲ, ಬಾವಿ. ಆದರೂ ಮೊದಲ ಸುಳಿವು ಕೊಟ್ಟದ್ದು ಚರ್ಮವೇ.

ಮಚ್ಚೆಗೆ ಅಂಟಿದ ನಾಚಿಕೆ

ಚರ್ಮ ಇಷ್ಟು ಸ್ಪಷ್ಟವಾಗಿ ಹೇಳುವಾಗ ಜನ ಯಾಕೆ ತೋರಿಸುವುದಿಲ್ಲ? ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ, ನಮ್ಮ ಸಮಾಜದಲ್ಲಿದೆ.

ಮೈಮೇಲಿನ ಮಚ್ಚೆ ಎಂದರೆ ಪಾಪದ ಫಲ, ನಾಗದೋಷ, ಶಾಪ ಎಂಬ ಭಾವನೆ ಹಳೆಯದು. ಕೃಷ್ಣನ ಮಗ ಸಾಂಬನಿಗೆ ಕುಷ್ಠ ತಗಲಿ, ಸೂರ್ಯನನ್ನು ಪೂಜಿಸಿ ವಾಸಿಯಾದ ಕಥೆಯನ್ನು ಪುರಾಣ ಹೇಳುತ್ತದೆ. ಬೆಳ್ತಂಗಡಿ ತಾಲ್ಲೂಕಿನ ನಡ ಗ್ರಾಮದ ಸೂರ್ಯ ಸದಾಶಿವರುದ್ರ ಕ್ಷೇತ್ರದಲ್ಲಿ ಮಣ್ಣಿನ ಕೈ, ಮಣ್ಣಿನ ಕಾಲು ಹರಕೆ ಒಪ್ಪಿಸುವ ಸಂಪ್ರದಾಯ ಇಂದಿಗೂ ಇದೆ. ನೋವಾದ ಅಂಗವನ್ನು ದೇವರ ಮುಂದೆ ಇಡುವ ಆ ನಂಬಿಕೆಯಲ್ಲಿ ಒಂದು ಒಳ್ಳೆಯ ಗುಣವಿದೆ: ಅಲ್ಲಿ ಯಾರೂ ತಮ್ಮ ಕಷ್ಟವನ್ನು ಬಚ್ಚಿಡುವುದಿಲ್ಲ. ದೇವರೆದುರು ತೋರಿಸಿದ್ದನ್ನು ವೈದ್ಯರೆದುರು ತೋರಿಸಲು ಹಿಂಜರಿಯುವುದೇ ತೊಡಕು.

ಈ ಹಿಂಜರಿಕೆಗೆ ದೊಡ್ಡ ಕಾರಣ ಕುಷ್ಠರೋಗದ ನೆನಪು. ಒಂದು ಕಾಲದಲ್ಲಿ ಆ ರೋಗಿಯನ್ನು ಊರಿನಿಂದಲೇ ಹೊರಗಿಡುತ್ತಿದ್ದರು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಿ ಕೊಡಲು ಆರಂಭಿಸಿದ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗಾಗಿಯೇ ಆಸ್ಪತ್ರೆ ತೆರೆದರು. ಹೊರದಬ್ಬಲ್ಪಟ್ಟವರಿಗೆ ಒಂದು ಸೂರು ಸಿಕ್ಕಿತು. ಇಂದು ಕುಷ್ಠ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ; ಮಾತ್ರೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಕುಷ್ಠವಿದ್ದರೆ ವಿಚ್ಛೇದನ ಕೇಳಬಹುದು ಎಂಬ ಮಾತನ್ನು ವಿವಾಹ ಕಾನೂನುಗಳಿಂದ ತೆಗೆದುಹಾಕಲು 2019ರವರೆಗೆ ಕಾಯಬೇಕಾಯಿತು. ಕಾನೂನಿಗೇ ಇಷ್ಟು ತಡವಾದರೆ ಜನರ ಮನಸ್ಸಿಗೆ ಇನ್ನೆಷ್ಟು ಕಾಲ ಬೇಕೋ!

ತೊನ್ನಿನದು ಇನ್ನೂ ಅನ್ಯಾಯದ ಕಥೆ. ಅದು ಅಂಟುವುದಿಲ್ಲ, ಜೀವಕ್ಕೆ ಅಪಾಯವಿಲ್ಲ, ಕ್ಯಾನ್ಸರೂ ಅಲ್ಲ. ಆದರೂ ಬಿಳಿ ಕುಷ್ಠ ಎಂಬ ತಪ್ಪು ಹೆಸರಿನ ದೆಸೆಯಿಂದ ಎಷ್ಟೋ ಹೆಣ್ಣುಮಕ್ಕಳ ಮದುವೆ ಮುರಿದಿದೆ. ಹಾಗಾಗಿ ಮೈಮೇಲೆ ಯಾವುದೇ ಕಲೆ ಕಂಡರೂ ಮನೆಯವರು ಮೊದಲು ಮಾಡುವ ಕೆಲಸ ಮುಚ್ಚುವುದು. ‘ಹೊರಗೆ ಗೊತ್ತಾದರೆ ತಂಗಿಯ ಸಂಬಂಧ ತಪ್ಪೀತು’ ಎಂಬ ಒಂದು ಮಾತು ಸಾಕು, ಸೀರೆಯ ಸೆರಗು ಇನ್ನಷ್ಟು ಕೆಳಗೆ ಬರುತ್ತದೆ. ಹೀಗೆ ಮುಚ್ಚಿಟ್ಟ ನೂರು ಕಲೆಗಳಲ್ಲಿ ಒಂದು ಮಾತ್ರ ಕ್ಯಾನ್ಸರ್ ಆಗಿದ್ದರೂ ಆ ಒಬ್ಬರ ಪಾಲಿಗೆ ನಷ್ಟ ಪೂರ್ತಿ.

ಯಾವುದನ್ನು ನೋಡಬೇಕು?

ನೋಡುವ ಕ್ರಮ ಸುಲಭ. ತಿಂಗಳಿಗೊಮ್ಮೆ, ಎಣ್ಣೆ ಸ್ನಾನದ ದಿನವೇ ಆದೀತು, ಬೆಳಕಿನಲ್ಲಿ ಮೈಯನ್ನು ನೋಡಿಕೊಳ್ಳಬೇಕು. ಅಂಗಾಲು, ಬೆರಳ ಸಂದು, ಉಗುರು, ಸೊಂಟದ ಸುತ್ತು, ಕಿವಿಯ ಹಿಂದೆ, ತುಟಿ ಮತ್ತು ಬಾಯಿಯ ಒಳಗೆ. ಬೆನ್ನನ್ನು ಮನೆಯವರು ನೋಡಲಿ.

ಮಚ್ಚೆಯ ಒಂದು ಅರ್ಧ ಇನ್ನೊಂದರಂತೆ ಇಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣವಿದ್ದರೆ, ಪೆನ್ಸಿಲಿನ ಹಿಂಬದಿಯ ರಬ್ಬರಿಗಿಂತ ದೊಡ್ಡದಾಗಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ಬದಲಾಗುತ್ತಾ ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಒಂದು ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು, ಹಳೆಯ ಸುಟ್ಟಗಾಯದಲ್ಲಿ ಎದ್ದ ಹೊಸ ಗಾಯ, ಉಗುರಿನಡಿ ಅಗಲವಾಗುತ್ತಾ ಹೋಗುವ ಕಪ್ಪು ಗೆರೆ, ಇವನ್ನೂ ತೋರಿಸಬೇಕು. ಸ್ಪರ್ಶಜ್ಞಾನವಿಲ್ಲದ ಬಿಳಿಚಿದ ಅಥವಾ ಕೆಂಪು ಮಚ್ಚೆಯಾದರೆ ಅದು ಕುಷ್ಠದ ಸೂಚನೆ ಇರಬಹುದು, ಅದಕ್ಕೂ ಮದ್ದಿದೆ.

ನೋವಿಲ್ಲ ಎಂಬುದು ಸಮಾಧಾನದ ಕಾರಣವಾಗಬಾರದು. ಈ ಕಾಯಿಲೆ ಮೊದಮೊದಲು ನೋಯುವುದೇ ಇಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಬಂಟ್ವಾಳ, ಬೆಳ್ತಂಗಡಿ ಅಡಿಕೆಯ ಸೀಮೆ. ಈ ನಾಡಿನಲ್ಲಿ ಚರ್ಮಕ್ಕಿಂತ ಎಷ್ಟೋ ಪಾಲು ಹೆಚ್ಚು ಕ್ಯಾನ್ಸರ್ ಬರುವುದು ಬಾಯಿಗೆ. ಹೊಗೆಸೊಪ್ಪು ಮಾತ್ರವಲ್ಲ, ಅಡಿಕೆಯನ್ನೂ ಮೇಲೆ ಹೇಳಿದ ಕ್ಯಾನ್ಸರ್ ಸಂಸ್ಥೆ 2004ರಲ್ಲಿ ಮೊದಲನೇ ಗುಂಪಿಗೆ ಸೇರಿಸಿದೆ. ಬೆಳೆಗಾರರಿಗೆ ಕಹಿಯಾದರೂ ಜಗಿಯುವವರಿಗೆ ತಿಳಿದಿರಬೇಕಾದ ಸಂಗತಿ. ಕೆನ್ನೆಯ ಒಳಗಿನ ಬಿಳಿ ಅಥವಾ ಕೆಂಪು ಪಟ್ಟೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವನ್ನೂ ಅದೇ ತಿಂಗಳ ಪರೀಕ್ಷೆಯಲ್ಲಿ ಗಮನಿಸಬಹುದು.

ಮುಟ್ಟಾಳೆಯ ಜಾಣತನ

ಬಿಸಿಲಿನಿಂದ ಕಾಪಾಡಿಕೊಳ್ಳಲು ದುಬಾರಿ ಕ್ರೀಮೇ ಬೇಕೆಂದಿಲ್ಲ. ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ಮನೆಮಾತು. 1981ರಲ್ಲಿ ಅಲ್ಲಿ ಅಂಗಿ ತೊಡಿ, ಕ್ರೀಮು ಹಚ್ಚಿ, ಟೊಪ್ಪಿ ಹಾಕಿ ಎಂಬ ಮೂರು ಮಾತಿನ ಪ್ರಚಾರ ಆರಂಭವಾಯಿತು. ಟೊಪ್ಪಿ ಇಲ್ಲದ ಮಗುವಿಗೆ ಬಯಲಲ್ಲಿ ಆಟವಿಲ್ಲ ಎಂಬುದು ಅಲ್ಲಿನ ಪ್ರಾಥಮಿಕ ಶಾಲೆಗಳ ನಿಯಮ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಈ ನಿಯಮದಲ್ಲೇ ಬೆಳೆಯುತ್ತಿದ್ದಾರೆ. ನಮ್ಮ ಕೃಷಿಕರು ಯಾರೂ ಹೇಳದೆಯೇ ಅಡಿಕೆ ಹಾಳೆಯ ಮುಟ್ಟಾಳೆ ಕಟ್ಟಿಕೊಂಡರು, ಬೈರಾಸವನ್ನು ಹೆಗಲಿಗೆ ಹೊದ್ದರು. ಕ್ಯಾನ್ಸರಿನ ಯೋಚನೆ ಅವರಿಗಿರಲಿಲ್ಲ, ತಲೆ ಕಾಯದಿರಲಿ ಎಂದಷ್ಟೇ. ಹೊಸ ತಲೆಮಾರು ಮುಟ್ಟಾಳೆಯನ್ನು ವೇದಿಕೆಯ ಸನ್ಮಾನಕ್ಕೆ ಇಟ್ಟು, ಗದ್ದೆಗೆ ಬರಿತಲೆಯಲ್ಲಿ ಹೋಗುತ್ತಿದೆ.

ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಆದಷ್ಟು ನೆರಳಲ್ಲಿರುವುದು, ಅಗಲ ಅಂಚಿನ ಟೊಪ್ಪಿ ಅಥವಾ ಕೊಡೆ, ತೋಳು ಮುಚ್ಚುವ ಹತ್ತಿ ಅಂಗಿ. ಇಷ್ಟಿದ್ದರೆ ಮುಕ್ಕಾಲು ಕೆಲಸ ಆದಂತೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸಕೂಡದು ಎಂಬ ನಿಯಮವಿದೆ. ಅದು ಅಲ್ಲಿ ದುಡಿಯುವವನ ಹಕ್ಕು. ಇಷ್ಟು ಹೇಳಿದ ಮಾತ್ರಕ್ಕೆ ಬಿಸಿಲೇ ಶತ್ರುವಲ್ಲ. ಮೂಳೆಗೆ ಬೇಕಾದ ಡಿ ವಿಟಮಿನ್ ಕೊಡುವುದೂ ಅದೇ. ಸುಟ್ಟುಕೊಳ್ಳಬಾರದು, ಅಷ್ಟೆ.

ಜತೆಗೆ ಹೋಗುವವರು

ಅನುಮಾನ ಬಂದರೆ ಎಲ್ಲಿಗೆ ಹೋಗಬೇಕು? ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ದಾರಿ ತೋರಿಸಲು ಊರಿನ ಆಶಾ ಕಾರ್ಯಕರ್ತೆ ಇದ್ದಾರೆ. ಅಲ್ಲಿಂದ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜುಗಳ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಬಡವರ ದೊಡ್ಡ ಆಸರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೂ ವೆಚ್ಚದ ಒಂದು ಪಾಲು ಸಿಗುತ್ತದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆದುಕೊಂಡರೆ ಓಡಾಟ ಕಡಿಮೆ. ವಾಸಿಯಾಗದ ಹಂತ ತಲುಪಿದವರನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ.

ವೈದ್ಯರು ಮಚ್ಚೆಯ ಚೂರು ತೆಗೆದು ಪರೀಕ್ಷಿಸಬೇಕು ಎಂದಾಗ ಮನೆಯವರು ಗಾಬರಿಯಾಗುವುದುಂಟು. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಊರೂರಲ್ಲಿದೆ. ಅದು ಸುಳ್ಳು. ಹರಡುವುದು ತಡ ಮಾಡಿದ್ದರಿಂದ. ಆರಂಭದಲ್ಲೇ ಸಿಕ್ಕಿದರೆ ಬಹುತೇಕ ಚರ್ಮದ ಕ್ಯಾನ್ಸರ್‌ಗಳು ಒಂದು ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುತ್ತವೆ.

ಹಣಕ್ಕಿಂತಲೂ ಹೆಚ್ಚು ಬೇಕಾಗುವುದು ಜತೆಗೆ ಹೋಗುವ ಒಬ್ಬ ಮನುಷ್ಯ. ಕ್ಯಾನ್ಸರ್ ಅಂಟುವ ರೋಗವಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ. ನೋಡಲು ಬಂದವರು ‘ಯಾವ ಜನ್ಮದ ಕರ್ಮವೋ’ ಎನ್ನುವ ಬದಲು, ‘ನಾಳೆ ಆಸ್ಪತ್ರೆಗೆ ಬಸ್ಸು ಎಷ್ಟು ಹೊತ್ತಿಗೆ, ನಾನೂ ಬರುತ್ತೇನೆ’ ಎಂದರೆ ಅದೇ ದೊಡ್ಡ ಬೆಂಬಲ. ದನ ಕಟ್ಟಲು, ಹಾಲು ಕರೆಯಲು, ಮಕ್ಕಳಿಗೆ ಊಟ ಹಾಕಲು ಜನವಿಲ್ಲವೆಂದೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ಹೆಂಗಸರಿದ್ದಾರೆ. ನೆರೆಮನೆಯವರು ಒಂದು ವಾರ ಆ ಕೆಲಸ ವಹಿಸಿಕೊಂಡರೆ ಒಂದು ಜೀವ ಉಳಿಯಬಹುದು.

ಪೊಳಲಿಯ ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದು. ಶತಮಾನಗಳಿಂದ ಅದು ಕೆಡದೆ ನಿಂತಿದೆ. ಮಣ್ಣು ಎಂದು ಅಸಡ್ಡೆ ಮಾಡದೆ, ಬ್ರಹ್ಮಕಲಶದ ಸಂದರ್ಭದಲ್ಲಿ ಲೇಪಾಷ್ಟಗಂಧ ಮಾಡಿ ಜತನದಿಂದ ಕಾಪಾಡಿದ್ದಾರೆ. ಈ ದೇಹವೂ ಮಣ್ಣಿನದೇ ಎಂದು ಹಿರಿಯರು ಹೇಳುತ್ತಾರೆ. ಹಾಗಿದ್ದರೆ ಅದಕ್ಕೂ ಅಷ್ಟೇ ಜತನ ಬೇಡವೇ? ಈ ಸಲ ಜಾತ್ರೆಗೆ ಹೋಗಿ ಕಲ್ಲಂಗಡಿ ಹೊತ್ತು ಮನೆಗೆ ಬಂದವರು, ಕಾಲು ತೊಳೆಯುವಾಗ ಒಂದು ನಿಮಿಷ ಅಂಗಾಲನ್ನು ತಿರುಗಿಸಿ ನೋಡಿದರೆ ಸಾಕು. ಅಜ್ಜ-ಅಜ್ಜಿಯಂದಿರ ಕಾಲನ್ನು ಮೊಮ್ಮಕ್ಕಳು ನೋಡಲಿ. ಏನೂ ಕಾಣದಿದ್ದರೆ ಸಂತೋಷ. ಏನಾದರೂ ಕಂಡರೆ ಅದನ್ನು ಮುಚ್ಚಿಡುವುದು ಬೇಡ.